ನಿಶ್ಚಯದ ದಿನ ನೀಡಿದ ಹೋಳಿಗೆ

ಹುಮನಾಬಾದಿನ ಕಾಕನ ಮಗಳೂ ನಾನೂ ಒಂದೇ ಅಳತೆ. ಅವಳ ಚೂಡಿದಾರ ನಾನು ತೊಡುತ್ತಿದ್ದೆ, ನನ್ನದು ಅವಳು. ಮದುವೆಮನೆಗಳಲ್ಲಿ ಜನ ನಮ್ಮ ದಪ್ಪ ಮೈ ನೋಡಿ ನಗುವಾಗ ಇಬ್ಬರಿದ್ದೇವೆ ಎಂಬುದೇ ಧೈರ್ಯ. ಅವಳಿಗೆ ಇಪ್ಪತ್ತು ತುಂಬಿದ ವರ್ಷ ಕಾಕ ಹೈದರಾಬಾದಿಗೆ ಕರೆದೊಯ್ದು ಹೊಟ್ಟೆಯ ಆಪರೇಷನ್ ಮಾಡಿಸಿದ. ಜಠರವನ್ನೇ ಚಿಕ್ಕದು ಮಾಡುತ್ತಾರಂತೆ. ಬಸವಕಲ್ಯಾಣದಲ್ಲಿ ನಮ್ಮಪ್ಪ ನನಗೆ, ಮುಂಜಾನೆ ಎದ್ದು ಕೋಟೆ ಸುತ್ತು ಎಂದು ಬುದ್ಧಿ ಹೇಳಿದ.

ವರ್ಷದೊಳಗೆ ಅವಳು ಅರ್ಧವಾದಳು. ಹಳೆಯ ಚೂಡಿದಾರಗಳನ್ನೆಲ್ಲ ಇಸ್ತ್ರಿ ಮಾಡಿ ನನಗೇ ಕಳಿಸಿದಳು, ಪ್ರೀತಿಯಿಂದಲೇ. ಆ ಗಂಟನ್ನು ನಾನು ಬಿಚ್ಚಲಿಲ್ಲ. ಹೊಟ್ಟೆಕಿಚ್ಚಿನಿಂದ ಉರಿದುಹೋದೆ. ಅವಳು ಜೀವ ಇರುವತನಕ ದಿನಾ ಶಕ್ತಿಯ ಗುಳಿಗೆ ನುಂಗಬೇಕು, ಕೂದಲು ಉದುರುತ್ತಿದೆ, ಸಿಹಿ ತಿಂದರೆ ಎದೆ ಹೊಡೆದುಕೊಂಡು ಬೆವರಿ ಬೀಳುತ್ತಾಳೆ ಎಂದು ಕೇಳಿದಾಗ ಬಾಯಲ್ಲಿ ಅಯ್ಯೋ ಅಂದೆ. ಒಳಗೊಳಗೆ ಸಮಾಧಾನವಾಯಿತು.

ಅವಳಿಗೆ ಗಂಡು ಗೊತ್ತಾಯಿತು. ನನ್ನನ್ನು ನೋಡಲು ಬಂದವರೆಲ್ಲ ಚಹಾ ಕುಡಿದು ಹೋದವರೇ. ಗಂಡಿನ ಕಡೆಯವರಿಗೆ ಆಪರೇಷನ್ ವಿಷಯ ಹೇಳಿರಲಿಲ್ಲ. ಹಾಗಾಗಿ ನಿಶ್ಚಯದ ದಿನ ಅವಳ ತಾಟಿಗೆ ನೀಡುವ ಕೆಲಸವನ್ನು ಅವಳ ಅವ್ವ, ನಮ್ಮ ಕಾಕು, ನನಗೇ ವಹಿಸಿದಳು. ಒಂದು ಹಿಡಿ ಅನ್ನ ಸಾರು ಸಾಕು, ಯಾರಾದರೂ ಸಿಹಿ ಹಾಕು ಅಂದರೆ, ಸಿಹಿ ಬಿಟ್ಟ ಹರಕೆ ಇದೆ ಅಂತ ಹೇಳು ಎಂದಳು. ಬೇರೆ ಯಾರನ್ನೂ ಅವಳು ನಂಬಲಿಲ್ಲ.

ಪಂಕ್ತಿಯಲ್ಲಿ ಅತ್ತೆಯಾಗುವವರು ಅವಳ ಮಗ್ಗುಲಲ್ಲೇ ಕೂತಿದ್ದರು. "ನಮ್ಮ ಸೊಸಿ ನೋಡ್ರಿ, ಎಷ್ಟು ನಾಜೂಕ ಅದಾಳ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳಿಗೊಂದು ಹೋಳಿಗೆ ಹಾಕಲು ನನಗೆ ಸನ್ನೆ ಮಾಡಿದರು. ಹರಕೆಯ ಮಾತು ಬಾಯಿತನಕ ಬಂದಿತ್ತು. ಆ ನಾಜೂಕ ಅನ್ನುವುದು ಕಿವಿಯಲ್ಲೇ ಕೂತಿತ್ತು. ಎರಡು ಹಾಕಿದೆ, ಮೇಲೆ ತುಪ್ಪ ಸುರಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅತ್ತೆಯ ಎದುರು ಬೇಡ ಅನ್ನಲಾರದೆ ತಿಂದಳು.

ಅರ್ಧ ತಾಸಿನಲ್ಲಿ ಒಳಕೋಣೆಯಲ್ಲಿ ಬಿದ್ದಿದ್ದಳು. ಕುಪ್ಪಸವೆಲ್ಲ ಬೆವರು, ಎದೆ ಹೊಡೆದುಕೊಳ್ಳುತ್ತಿತ್ತು. ಹೊರಗೆ ಕಾಕು, ಸೆಖೆಗೆ ತಲೆ ತಿರುಗಿತು ಎಂದು ಬೀಗರಿಗೆ ಸಮಜಾಯಿಷಿ ಕೊಡುತ್ತಿದ್ದಳು. ನಾನು ಗಾಳಿ ಹಾಕುತ್ತ ಕೂತೆ, ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ತೆರೆದಳು.

"ಗಡಿಬಿಡಿಯೊಳಗ ಮರ್ತಿ, ಹೌದಿಲ್ಲ ಅಕ್ಕಾ?"

"ಹೌದವ್ವಾ, ಮರ್ತೆ" ಎಂದೆ.

"ಅವ್ವ ಕೇಳಿದ್ರ ಹಂಗೇ ಹೇಳು" ಎಂದು ಗೋಡೆಯ ಕಡೆ ಹೊರಳಿದಳು.