ಎತ್ತದೆ ಉಳಿದ ಕೈ

ಅಂಪೈರ್ ಇಲ್ಲದ ಕಬಡ್ಡಿಗೆ ಒಂದೇ ಕಾನೂನು. ರೈಡಿಗೆ ಬಂದವಳ ಬೆರಳು ನಿನಗೆ ತಾಗಿದರೆ, ಬೇರೆ ಯಾರಿಗೂ ಅದು ಕಾಣದಿದ್ದರೂ, ನೀನೇ ಕೈ ಎತ್ತಿ ಹೊರಗೆ ಹೋಗಬೇಕು. ನಮ್ಮೂರ ಶಾಲೆಯ ಹಿಂದಿನ ಕೊಯ್ಲಾದ ಗದ್ದೆಯಲ್ಲಿ ನಾನು ಇದನ್ನು ಕಲಿತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ಆದರೆ ಸಂಜೆಯಾದರೆ ಆ ಗದ್ದೆಗೆ ಹೋಗುವುದನ್ನು ಮದುವೆಯಾಗುವವರೆಗೂ ಬಿಡಲಿಲ್ಲ. ಹತ್ತು ವರ್ಷ ಲೆಫ್ಟ್ ಕಾರ್ನರಿನಲ್ಲಿ, ಅಂದರೆ ರೈಡರಿನ ಕಾಲು ಹಿಡಿಯುವ ಎಡ ಮೂಲೆಯಲ್ಲಿ ನಿಂತೆ, ತಾಲೂಕಿನವರೆಗೂ ಆಡಿದೆ, ಒಮ್ಮೆಯೂ ಆ ಕಾನೂನು ಮುರಿಯಲಿಲ್ಲ. ಮುರಿದದ್ದು ಆಮೇಲೆ, ಮಲೇಷ್ಯಾದಲ್ಲಿ, ಕ್ಲಾಂಗ್ ಬಂದರಿನ ಹತ್ತಿರದ ಒಂದು ಫ್ಲ್ಯಾಟಿನ ಒಂಬತ್ತನೇ ಮಹಡಿಯಲ್ಲಿ. ನನ್ನ ಸ್ವಂತ ತಂಗಿಯ ಎದುರು.

ನನ್ನ ಗಂಡನಿಗೆ ಬಂದರಿನ ಕಂಟೇನರ್ ಯಾರ್ಡಿನಲ್ಲಿ ಕೆಲಸ. ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ ಊರಿನಲ್ಲಿ ಲ್ಯಾಬ್ ಕೋರ್ಸ್ ಮುಗಿಸಿ, ಉಡುಪಿ ಕಡೆಯ ಡಾಕ್ಟರೊಬ್ಬರ ಮೂಲಕ ಮಲೇಷ್ಯಾದ್ದೇ ನಿಲಾಯಿ ಎಂಬ ಊರಿನ ಒಂದು ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಎರಡು ವರ್ಷದ ಕರಾರಿನ ಮೇಲೆ ಬಂದಿದ್ದಳು. ಅಲ್ಲಿ ತಮಿಳು ಹುಡುಗಿಯರು ಸೇರಿ ಒಂದು ಕಬಡ್ಡಿ ಟೀಮು ಕಟ್ಟಿದ್ದರು. ತಂಗಿ ಅದರಲ್ಲಿ ಬದಲಿ ರೈಡರ್. ಅಂದರೆ ಬೆಂಚಿನಲ್ಲಿ ಕೂರುವವಳು. ಮುಖ್ಯ ರೈಡರಿನ ಮೊಣಕಾಲು ಉಳುಕಿದ್ದರಿಂದ ಇವಳಿಗೆ ನಾಲ್ಕು ಮ್ಯಾಚ್ ಸಿಕ್ಕಿತ್ತು.

"ಅಕ್ಕ, ಇವತ್ತು ಒಂಬತ್ತು ಪಾಯಿಂಟ್!" ಎಂದು ಫೋನಿನಲ್ಲಿ ಕೂಗುತ್ತಿದ್ದಳು.

"ಯಾರ ಎದುರು?"

"ಯಾರ ಎದುರಾದರೆ ಎಂತ? ಒಂಬತ್ತು ಒಂಬತ್ತೇ ಅಲ್ವಾ?"

ಕೊರೋನಾ ಬಂದ ವರ್ಷ, ಮಾರ್ಚಿನಲ್ಲಿ ದೇಶ ಮುಚ್ಚುವ ಹಿಂದಿನ ದಿನ ಆ ಡಾಕ್ಟರು ತಮ್ಮ ಕಾರಿನಲ್ಲಿ ಅವಳನ್ನು ನಮ್ಮಲ್ಲಿ ಇಳಿಸಿ ಹೋದರು. ಅವಳ ಹಾಸ್ಟೆಲು ಖಾಲಿ ಮಾಡಿಸಿದ್ದರಂತೆ. ಒಂದು ಚೀಲ, ಒಂದು ಜೊತೆ ಕಬಡ್ಡಿ ಶೂ. "ಎರಡು ವಾರ ಅಷ್ಟೇ ಅಕ್ಕ," ಎಂದಳು. ಮಾರನೆಯ ದಿನ ನನ್ನ ಗಂಡನ ಕಂಪೆನಿ, ಕೆಲಸ ನಿಲ್ಲಬಾರದೆಂದು, ಗಂಡಸರನ್ನೆಲ್ಲ ಯಾರ್ಡಿನ ಒಳಗೇ ಉಳಿಸಿಕೊಂಡಿತು. ಬಾಲ್ಕನಿಯಲ್ಲಿ ನಿಂತರೆ ದೂರದಲ್ಲಿ ಆ ಕ್ರೇನುಗಳು ಕಾಣುತ್ತಿದ್ದವು. ಆದರೆ ಗಂಡನನ್ನು ನಾನು ನೋಡುತ್ತಿದ್ದದ್ದು ಫೋನಿನಲ್ಲಿ ಮಾತ್ರ.

ಎರಡು ವಾರ ಒಂದು ತಿಂಗಳಾಯಿತು, ತಿಂಗಳು ಎರಡಾಯಿತು. ಸಾಮಾನು ತರಲು ಮನೆಗೊಬ್ಬರೇ ಹೋಗಬೇಕು. ಕೆಳಗಿನ ಮಕ್ಕಳ ಜಾರುಬಂಡೆಗೆ ಕೆಂಪು ಬಿಳಿ ಟೇಪು ಸುತ್ತಿದ್ದರು. ಲಿಫ್ಟಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಮನೆಯಲ್ಲಿ ಒಂದು ಕೋಣೆ, ಒಂದು ಹಾಲ್, ಕೈ ಚಾಚಿದರೆ ಗೋಡೆ. ನನಗೆ ಎದೆಯ ಮೇಲೆ ಯಾರೋ ಕೂತ ಹಾಗೆ ಆಗುತ್ತಿತ್ತು. ತಂಗಿ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಏನಾದರೂ ಮಾತಾಡಿಸುತ್ತಿದ್ದೆ, ನೀರಿನ ಸದ್ದಿನ ಜೊತೆ ಅವಳ ದನಿಯೂ ಬರಲಿ ಎಂದು.

"ಅಕ್ಕ, ನಾನು ಸೋಪು ಹಾಕಿಕೊಳ್ಳುವಾಗಲೂ ವರದಿ ಕೊಡಬೇಕಾ ಮಾರಾಯ್ತಿ?" ಎಂದು ಅವಳು ಒಳಗಿನಿಂದ ನಗುತ್ತಿದ್ದಳು.

ಹೊತ್ತು ಹೋಗದೆ ಅವಳ ನಾಲ್ಕು ಮ್ಯಾಚಿನ ವಿಡಿಯೋ ನೋಡಲು ಶುರು ಮಾಡಿದೆವು. ನಾನು ನೋಡುತ್ತಿದ್ದದ್ದು ಅವಳನ್ನಲ್ಲ, ಎದುರಿನವರನ್ನು. ಮೊದಲ ಮ್ಯಾಚಿನಲ್ಲಿ ಕಾರ್ನರಿನಲ್ಲಿ ನಿಂತವಳು ರೈಡರಿನ ಕಾಲು ಬಿಟ್ಟು ಮುಖ ನೋಡುತ್ತಿದ್ದಳು. ಅಂಥವಳನ್ನು ಯಾರು ಬೇಕಾದರೂ ಮುಟ್ಟಬಹುದು. ಎರಡನೆಯ ಟೀಮಿನವರು ಜೋಡಿ ಕೈ ಹಿಡಿದು ನಿಂತು, ಇವಳು ಹತ್ತಿರ ಬಂದ ಕೂಡಲೇ ಹೆದರಿ ಕೈ ಬಿಟ್ಟರು. ಮೂರನೆಯ ಟೀಮಿನಲ್ಲಿ ಆರೇ ಜನ, ಅದರಲ್ಲಿ ಒಬ್ಬಳು ಕುಂಟುತ್ತಿದ್ದಳು. ಇವಳ ಒಂಬತ್ತು ಪಾಯಿಂಟ್ ಬಂದದ್ದು ಅಲ್ಲಿ.

"ನೀನು ಎಂತ ಅಕ್ಕ, ಒಂಬತ್ತಕ್ಕೂ ಹುಳುಕು ಹುಡುಕ್ತೀಯಲ್ಲ!"

"ಪಾಯಿಂಟು ಎಷ್ಟು ಅಂತ ಮಾತ್ರ ಹೇಳ್ತದೆ. ಯಾರ ಕೈಯಿಂದ ಕಿತ್ತುಕೊಂಡದ್ದು ಅಂತ ಹೇಳುದಿಲ್ಲ."

ನಾಲ್ಕನೆಯ ಮ್ಯಾಚಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಪಾಯಿಂಟ್, ಎರಡು ಸಲ ಸಿಕ್ಕಿಬಿದ್ದಿದ್ದಳು. ಅದನ್ನು ತೋರಿಸಲು ಅವಳಿಗೆ ಇಷ್ಟವೇ ಇರಲಿಲ್ಲ. ನಾನು ಅದನ್ನೇ ಹತ್ತು ಸಲ ಹಾಕಿಸಿದೆ. ಅಲ್ಲಿ ಎದುರಿಗೆ ಒಬ್ಬಳು ಲೆಫ್ಟ್ ಕಾರ್ನರ್ ಇದ್ದಳು, ಕುಳ್ಳಿ, ಕಣ್ಣು ನೆಲ ಬಿಟ್ಟು ಮೇಲೆ ಏಳುತ್ತಿರಲಿಲ್ಲ. ರೈಡರಿನ ಪಾದ ನೆಲಕ್ಕೆ ಒತ್ತಿದ ಕ್ಷಣವೇ ಹಾರಿ ಆ್ಯಂಕಲ್ ಹಿಡಿಯುತ್ತಿದ್ದಳು. ಅವಳನ್ನು ನೋಡಿದಾಗ ನನ್ನನ್ನೇ ನೋಡಿದ ಹಾಗಾಯಿತು. ಅವಳ ಎದುರು ತಂಗಿ ಮೂರು ಸಲ ಪಾಯಿಂಟಿಲ್ಲದೆ, ಆದರೆ ಸಿಕ್ಕಿಬೀಳದೆ, ನಡುಗೆರೆಗೆ ವಾಪಸು ಬಂದಿದ್ದಳು.

"ನಿನ್ನ ಒಂಬತ್ತು ಪಾಯಿಂಟಿಗಿಂತ ಈ ಮೂರು ಬರಿಗೈ ರೈಡು ದೊಡ್ಡದು," ಎಂದೆ. ಅವಳು ಕಲಿಯುವವಳ ಹಾಗೆ ನನ್ನ ಮುಖ ನೋಡಿದಳು. ಓದಿದ ತಂಗಿ ಓದದ ಅಕ್ಕನನ್ನು ಹಾಗೆ ನೋಡಿದ್ದು ಅದೇ ಮೊದಲು.

ಮರುದಿನ ಸೋಫಾವನ್ನು ಬಾಗಿಲಿಗೆ ತಾಗಿಸಿ ಇಟ್ಟೆವು. ಹಾಸಿಗೆ ನೆಲಕ್ಕೆ ಬಂತು. ಗಂಡ ಯಾರ್ಡಿನಿಂದ ಎಂದೋ ತಂದಿದ್ದ ಪೆಟ್ಟಿಗೆ ಅಂಟಿಸುವ ಕೆಂಪು ಟೇಪಿನಲ್ಲಿ ಗೆರೆ ಎಳೆದೆವು. ಆ ಹಾಲಿನಲ್ಲಿ ಪೂರ್ತಿ ಅಂಕಣ ಹಿಡಿಸುವ ಮಾತೇ ಇಲ್ಲ. ಒಂದು ಮೂಲೆ ಹಿಡಿಸಿತು, ನನಗೆ ಬೇಕಾದದ್ದೂ ಅಷ್ಟೇ. ಮೂರನೇ ದಿನ ಕೆಳಗಿನ ಮನೆಯ ಚೀನೀ ಮುದುಕರು ಮಾಸ್ಕ್ ಹಾಕಿಕೊಂಡು ಬಂದು ಬಾಗಿಲು ತಟ್ಟಿದರು. ಮೇಲೆ ಆನೆ ಸಾಕಿದ್ದೀರಾ ಎಂದು ಕೇಳಿದರು. ತಂಗಿ ಇಂಗ್ಲಿಷಿನಲ್ಲಿ ವಿವರಿಸಿ, ಉಸಿರು ಹಿಡಿದು "ಕಬಡ್ಡಿ ಕಬಡ್ಡಿ" ಎಂದು ತೋರಿಸಿಯೂ ಬಿಟ್ಟಳು. ಅವರು ಸ್ವಲ್ಪ ಹೊತ್ತು ನೋಡಿ, "ಹನ್ನೊಂದರಿಂದ ಹನ್ನೆರಡು ಮಾಡಿ ಲಾ, ಆಗ ನಾನು ಟಿವಿ ದೊಡ್ಡದಾಗಿ ಇಡ್ತೇನೆ," ಎಂದು, ಇಲ್ಲಿಯವರು ಮಾತಿಗೆಲ್ಲ ಸೇರಿಸುವ 'ಲಾ' ಸಮೇತ ಹೇಳಿ ಹೋದರು. ಆಮೇಲೆ ದಿನಾ ಹನ್ನೊಂದಕ್ಕೆ ಕೆಳಗೆ ಟಿವಿ ಜೋರಾದರೆ ನಾವು ಎದ್ದು ನಿಲ್ಲುತ್ತಿದ್ದೆವು.

ಮೊದಲ ತಿಂಗಳು ಹತ್ತರಲ್ಲಿ ಹತ್ತು ಸಲವೂ ಅವಳನ್ನು ಹಿಡಿದೆ. ಮೂವತ್ತೈದು ದಾಟಿದ್ದೆ, ಮೈ ಭಾರವಾಗಿತ್ತು, ಆದರೂ ಹಿಡಿದೆ. ಅವಳು ಪಾದ ಇಡುವ ಮೊದಲು ಭುಜ ಬಗ್ಗಿಸುತ್ತಿದ್ದಳು, ಅದನ್ನು ಬಿಡಿಸಿದೆ. ಎರಡನೇ ತಿಂಗಳು ಹತ್ತರಲ್ಲಿ ಏಳು. ಆಮೇಲೆ ಐದು. ಆ ತಿಂಗಳುಗಳಲ್ಲಿ ನಾನು ಸುಖವಾಗಿದ್ದೆ. ಇದನ್ನೂ ಬರೆಯಬೇಕು. ಅವಳು ಒಳ್ಳೆಯವಳಾಗುತ್ತಿರುವುದು ನನ್ನ ಕೈಯಿಂದ ಎಂಬ ಸುಖ.

ಇದರ ನಡುವೆಯೇ, ಜೂನಿನಲ್ಲಿ, ಹೊರಗೆ ಬಹಳಷ್ಟು ತೆರೆಯಿತು. ನಮ್ಮ ಬಾಗಿಲಿಗೆ ಮಾತ್ರ ಸೋಫಾ ತಾಗಿಯೇ ಇತ್ತು. ಯಾರ್ಡಿನಲ್ಲಿ ಒಬ್ಬರಿಗೆ ಸೋಂಕು ತಗಲಿ ಗಂಡ ಇನ್ನೂ ಒಳಗೇ ಇದ್ದ. ತಂಗಿಯ ಲ್ಯಾಬಿನವರು ಕರೆಯುವವರೆಗೆ ಕಾಯಿರಿ ಎಂದಿದ್ದರು. ತಮಿಳು ಮುಸ್ಲಿಮರ ಮಮಕ್ ಅಂಗಡಿಗೆ ಹೋಗಿ ಒಂದು ಚಹಾ ಕುಡಿದು ಬರೋಣ ಎಂದು ಅವಳು ಎಷ್ಟು ಸಲ ಕೇಳಿದಳೋ. "ಬೇಡ, ಜನ ಇರ್ತಾರೆ," ಎನ್ನುತ್ತಿದ್ದೆ. ಸೋಂಕಿನ ಹೆದರಿಕೆ ನಿಜವೇ. ಆದರೆ ಒಮ್ಮೆ ಹೊರಗೆ ಹೋದವಳು ಹೋಗುತ್ತಲೇ ಇರುತ್ತಾಳೆ, ನಾನು ಈ ಹಾಲಿನಲ್ಲಿ ಒಬ್ಬಳೇ ಆಗುತ್ತೇನೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ತಂಗಿ ಹೇಳಿದಳು, ಮುಂದಿನ ತಿಂಗಳು ಕಾಲೇಜುಗಳ ಸಣ್ಣ ಟೂರ್ನಮೆಂಟ್ ಉಂಟಂತೆ. ಮೂರು ವಾರ ನಿಲಾಯಿಯಲ್ಲೇ ಕ್ಯಾಂಪ್. ಒಳಗೆ ಹೋದವರು ಮ್ಯಾಚ್ ಮುಗಿಯುವವರೆಗೆ ಹೊರಗೆ ಬರುವ ಹಾಗಿಲ್ಲ. ಹಳೆಯ ಮುಖ್ಯ ರೈಡರ್ ತನ್ನ ಊರಿನಿಂದ ವಾಪಸು ಬಂದಿಲ್ಲ. ಆ ಜಾಗಕ್ಕೆ ಇವಳು, ಇಲ್ಲವೇ ಇನ್ನೊಬ್ಬ ಹುಡುಗಿ.

"ಡಿಸೆಂಬರಿಗೆ ನನ್ನ ಕರಾರು ಮುಗೀತದೆ ಅಕ್ಕ. ಬೆಂಚಿನಿಂದ ಎದ್ದು ಆಡುದಾದರೆ ಇದೊಂದೇ ಸಲ."

ಕೆಳಗೆ ಟಿವಿ ಜೋರಾಯಿತು. ಅವಳು ಉಸಿರು ಹಿಡಿದು ಬಂದಳು. ಎಡಗಾಲು ಒತ್ತಿದಳು, ನಾನು ಹಾರಿದೆ. ಅಲ್ಲಿ ಕಾಲಿರಲಿಲ್ಲ. ಒತ್ತಿದ ಹಾಗೆ ಮಾಡಿ ಎಳೆದುಕೊಂಡಿದ್ದಳು. ನಾನು ಹಾಸಿಗೆಯ ಮೇಲೆ ಬೋರಲು ಬಿದ್ದಿರುವಾಗ ಅವಳ ಬೆರಳ ತುದಿ ನನ್ನ ಎಡ ಮಣಿಕಟ್ಟಿನ ಮೇಲೆ ಹೋಯಿತು. ಇರುವೆ ದಾಟಿದಷ್ಟು. ಗೆರೆಯ ಆಚೆ ನಿಂತು ಅವಳು ಏದುಸಿರಿನಲ್ಲಿ ಕಾಯುತ್ತಿದ್ದಳು.

"ತಾಗಿತಾ?"

"ಇಲ್ಲ," ಎಂದೆ.

ಅವಳು ತನ್ನ ಬೆರಳನ್ನು ಒಮ್ಮೆ ನೋಡಿಕೊಂಡಳು. "ಸರಿ, ಇನ್ನೊಂದ್ಸಲ," ಎಂದಳು.

ಮುಂದಿನ ಮೂರು ದಿನ ಅದೇ ನಡೆಯಿತು. ಅವಳು ಬರುತ್ತಿದ್ದಳು, ಮುಟ್ಟುತ್ತಿದ್ದಳು, ನಾನು ಕೈ ಎತ್ತುತ್ತಿರಲಿಲ್ಲ. ಕೆಲವು ಸಲ ನಿಜವಾಗಿಯೂ ಹಿಡಿದೆ, ಹಾಗಾಗಿ ಸುಳ್ಳು ನಿಜದ ಜೊತೆ ಬೆರೆತುಹೋಯಿತು.

ನಾಲ್ಕನೇ ದಿನ ಅವಳು ಗೇಟಿಗೆ ಬರುವ ತರಕಾರಿ ಗಾಡಿಗೆಂದು ಕೆಳಗೆ ಹೋಗಿದ್ದಾಗ ಅವಳ ಕೋಚ್ ನನ್ನ ಫೋನಿಗೇ ಮಾಡಿದರು. ತಮಿಳು ಹೆಂಗಸು, ಅದೇ ಕಾಲೇಜಿನಲ್ಲಿ ಪಾಠ ಮಾಡುವವರು. ನನ್ನ ಅರೆಬರೆ ತಮಿಳಿನಲ್ಲಿ ಮಾತಾಡಿದೆ. ಅವರು ಕೇಳಿದ್ದು ಇಷ್ಟು:

"ಅಕ್ಕಾ, ನೀವು ದೊಡ್ಡ ಕಾರ್ನರ್ ಆಗಿದ್ದಿರಿ ಅಂತ ನಿಮ್ಮ ತಂಗಿ ದಿನಾ ಹೇಳ್ತಾಳೆ. ಅವಳ ಪಾಯಿಂಟೆಲ್ಲ ನನ್ನ ಹತ್ತಿರ ಉಂಟು. ಆದರೆ ಎದುರಿದ್ದವರು ಸಪ್ಪೆ ಲಾ. ಈ ಸಲ ಮತ್ತೆ ಆ ಕುಳ್ಳಿ ಬರ್ತಾಳೆ. ಐದು ತಿಂಗಳಿಂದ ಇವಳು ಆಡಿದ್ದು ನಿಮ್ಮ ಎದುರು ಮಾತ್ರ. ನೀವೇ ಹೇಳಿ, ತಡೀತಾಳಾ?"

ನನ್ನ ಜನ್ಮದಲ್ಲಿ ಓದಿದವರೊಬ್ಬರು ನನ್ನ ತೀರ್ಮಾನ ಕೇಳಿದ್ದು ಅದೊಂದೇ ಸಲ. ಕೇಳಿದ್ದೂ ಸರಿಯಾದ ಪ್ರಶ್ನೆಯೇ. ಉತ್ತರ ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಕಿಟಕಿಯಿಂದ ಕೆಳಗೆ ನೋಡಿದೆ. ತಂಗಿ ಕೈಚೀಲ ಬೀಸುತ್ತ ಬರುತ್ತಿದ್ದಳು, ಗೇಟಿನ ಹತ್ತಿರ ಒಂದು ಕಾಲು ಒತ್ತಿ, ಎಳೆದುಕೊಂಡು, ಗಾಳಿಯನ್ನು ಮುಟ್ಟಿದಳು.

"ಇನ್ನೂ ಆಗಿಲ್ಲ ಮೇಡಂ," ಎಂದೆ. "ಸಪ್ಪೆ ಟೀಮಿಗೆ ಸರಿ. ನನ್ನಂಥವಳ ಎದುರು ಸಿಕ್ಕಿಬೀಳ್ತಾಳೆ."

"ಹಾಗಾದರೆ ಬೆಂಚಿಗೆ ಅಂತ ಅಷ್ಟು ದೂರದಿಂದ ಕರೆಸುದು ಬೇಡ. ಪಾಪ, ನಿಮ್ಮ ಹತ್ತಿರವೇ ಇರಲಿ," ಎಂದರು.

ನನ್ನ ಹತ್ತಿರವೇ ಇದ್ದಳು. ಕ್ಯಾಂಪಿಗೆ ಕರೆ ಬರಲಿಲ್ಲವೆಂದು ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಹನ್ನೊಂದಕ್ಕೆ ಅವಳೇ ಹಾಸಿಗೆ ಎಳೆದಳು. "ಬಾ ಅಕ್ಕ, ನಿನ್ನನ್ನಾದರೂ ಒಮ್ಮೆ ಮುಟ್ತೇನೆ," ಎಂದಳು. ಸೊಂಟ ನೋವು ಎಂದು ನಾನು ಎದ್ದೇ ಬರಲಿಲ್ಲ. ಅವಳು ಒಬ್ಬಳೇ ಗೆರೆಯವರೆಗೆ ಹೋಗಿ ವಾಪಸು ಬಂದಳು, ಮತ್ತೆ ಹೋದಳು. ಕೆಳಗೆ ಟಿವಿ ಪೂರ್ತಿ ಒಂದು ಗಂಟೆ ಕೂಗಿತು.

ಟೂರ್ನಮೆಂಟನ್ನು ಫೋನಿನಲ್ಲಿ ನೋಡಿದೆವು, ಒಂದೇ ಸೋಫಾದಲ್ಲಿ ಕೂತು. ಕುಳ್ಳಿ ಕಾರ್ನರ್ ಆ ಇನ್ನೊಬ್ಬ ಹುಡುಗಿಯನ್ನು ಐದು ಸಲ ಹಿಡಿದಳು. ಐದೂ ಸಲ ಒತ್ತಿದ ಎಡಗಾಲಿಗೇ ಹಾರಿದ್ದು. ಆ ಹುಡುಗಿ ಕಾಲು ಎಳೆದುಕೊಂಡಿದ್ದರೆ ಕುಳ್ಳಿ ಬೋರಲು ಬೀಳುತ್ತಿದ್ದಳು, ನಾನು ಬಿದ್ದ ಹಾಗೆ. ತಂಗಿಯ ಕಾಲು ಸೋಫಾದ ಕೆಳಗೆ ತಾನಾಗಿ ಅಲುಗುತ್ತಿತ್ತು.

"ನಾನಾದರೂ ಸಿಕ್ಕಿಬೀಳ್ತಿದ್ದೆ, ಅಲ್ವಾ ಅಕ್ಕ?"

"ಹೂಂ," ಎಂದೆ.

ಫೋನಿನಲ್ಲಿ ಕೋಚಿಗೆ ಹೇಳಿದ ಸುಳ್ಳಿಗಿಂತ ಈ "ಹೂಂ" ನನ್ನನ್ನು ಹೆಚ್ಚು ಕಾಡುತ್ತದೆ. ಆಗ ಅವಳು ಹೋಗುವ ಭಯ ಇರಲಿಲ್ಲ. ಟೂರ್ನಮೆಂಟು ಮುಗಿದೇ ಹೋಗಿತ್ತು. ಸುಮ್ಮನೆ ನಿಜ ಹೇಳಬಹುದಿತ್ತು.

ಅಕ್ಟೋಬರಿನಲ್ಲಿ ಮತ್ತೆ ಮುಚ್ಚಿತು. ಡಿಸೆಂಬರಿನಲ್ಲಿ ಕರಾರು ಮುಗಿದು ಅವಳು ವಿಶೇಷ ವಿಮಾನದಲ್ಲಿ ಊರಿಗೆ ಹೋದಳು. ಗಂಡನನ್ನು ಮತ್ತೆ ಯಾರ್ಡಿನ ಒಳಗೇ ಉಳಿಸಿಕೊಂಡರು, ಮುಂದಿನ ವರ್ಷದ ದೊಡ್ಡ ಮುಚ್ಚುವಿಕೆಯನ್ನು ನಾನು ಆ ಹಾಲಿನಲ್ಲಿ ಹೆಚ್ಚಿನಂಶ ಒಬ್ಬಳೇ ಕಳೆದೆ. ಯಾವುದಕ್ಕೆ ಹೆದರಿ ಅವಳನ್ನು ಹಿಡಿದಿಟ್ಟೆನೋ ಅದು ಹೇಗೂ ಬಂತು.

ಈಗ ಅವಳು ಊರ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಆಡುವುದಿಲ್ಲ. ಆಸ್ಪತ್ರೆಯಲ್ಲಿ ಮೇಲಿನ ಕೆಲಸಕ್ಕೆ ಪರೀಕ್ಷೆ ಕರೆದರು, ಅವಳು ಅರ್ಜಿಯನ್ನೇ ಹಾಕಲಿಲ್ಲ. "ನಾನು ಸಪ್ಪೆ ಟೀಮಿಗೆ ಮಾತ್ರ ಅಕ್ಕ," ಎಂದು ನಕ್ಕಳು. ಆ ಮಾತು ನನ್ನದು. ಕೋಚ್ ಅದನ್ನು ಅವಳಿಗೆ ಹೇಳಿದ್ದಿರಬೇಕು. ಅವತ್ತೇ ನಾನು ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ. ಹಾಸಿಗೆ, ಮಣಿಕಟ್ಟು, ಕಿಟಕಿ, ಎಲ್ಲ.

ಅವಳ ಹಿಂದೆ ಲ್ಯಾಬಿನ ಯಂತ್ರವೊಂದು ಗುಂಯ್‌ಗುಡುತ್ತಿತ್ತು.

"ತಾಗಿದ್ದು ನನಗೆ ಗೊತ್ತಿತ್ತು," ಎಂದಳು. "ಆದರೆ ನೀನು ಕೈ ಎತ್ತಲಿಲ್ಲ. ನೀನು ಸುಳ್ಳು ಹೇಳ್ತಿ ಅಂತ ಅನ್ನಿಸಲೇ ಇಲ್ಲ ಅಕ್ಕ. ನನ್ನ ಬೆರಳೇ ಸುಳ್ಳು ಹೇಳಿತು ಅಂದುಕೊಂಡೆ." ಆಮೇಲೆ ಕೇಳಿದಳು, "ಎಷ್ಟು ಸಲ?"

"ಹನ್ನೊಂದು."

"ಹದಿನಾಲ್ಕು," ಎಂದಳು. "ಇಡ್ತೇನೆ, ಸ್ಯಾಂಪಲ್ ಬಂದಿದೆ."

ಮತ್ತೆ ಫೋನ್ ಮಾಡುತ್ತಾಳೆ, ಮಾತಾಡುತ್ತಾಳೆ, ಇದರ ವಿಷಯ ಬಿಟ್ಟು. ನಾನು ಹನ್ನೊಂದನ್ನು ಹತ್ತಾರು ಸಲ ಎಣಿಸಿದ್ದೇನೆ, ಹನ್ನೊಂದೇ ಬರುತ್ತದೆ. ಅಂದರೆ ಉಳಿದ ಮೂರು ನನಗೆ ತಾಗಿದ್ದೇ ಗೊತ್ತಾಗಲಿಲ್ಲ. ಹತ್ತು ವರ್ಷ ಕಾರ್ನರಿನಲ್ಲಿ ನಿಂತವಳನ್ನು ಗೊತ್ತಾಗದ ಹಾಗೆ ಮುಟ್ಟಿ ಹೋದ ರೈಡರ್ ಬೇರೆ ಯಾರೂ ಇರಲಿಲ್ಲ. ಕೋಚ್ ಕೇಳಿದ ಪ್ರಶ್ನೆಗೆ ಉತ್ತರ ಇದು. ಮೊನ್ನೆ ಅವರ ನಂಬರಿಗೆ ಮಾಡಿದೆ. ಆ ನಂಬರು ಈಗ ಬೇರೆ ಯಾರದ್ದೋ.