ಕುರ್ಚಿಯಿಲ್ಲದೆ ಕೂರುವ ವಿದ್ಯೆ

೧೯೮೬ರಲ್ಲಿ ನಾನು ರಾಜಾಜಿನಗರದ ಒಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಮಹಿಳಾ ತಂಡಕ್ಕೆ ಕೋಚ್ ಆಗಿದ್ದೆ. ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಕೋಚಿಂಗ್ ಡಿಪ್ಲೊಮಾ ಮುಗಿಸಿ ಬಂದು ವರ್ಷವಾಗಿತ್ತಷ್ಟೆ. ಹೆಸರು ಮಾಡಿ ನಿವೃತ್ತರಾದ ಆಟಗಾರರು ಇಂದಿನವರಿಗೆ ಕಲಿಸಬೇಕೆ, ಕಲಿಸುವುದಾದರೆ ಯಾರಿಗೆ ಯಾರು ಕಲಿಸಬೇಕು ಎಂಬ ಚರ್ಚೆ ಈಗಲೂ ಸಭೆಗಳಲ್ಲಿ ಏಳುತ್ತದೆ. ಎದ್ದಾಗಲೆಲ್ಲ ನಾನು ಹೇಳುವುದು ಆ ವರ್ಷದ ಒಂದು ಪ್ರಕರಣವನ್ನೇ.

ನಮ್ಮ ಕ್ಲಬ್ಬಿನಲ್ಲೊಂದು ಪದ್ಧತಿಯಿತ್ತು. ವಾರ್ಷಿಕ ಟೂರ್ನಮೆಂಟಿನಲ್ಲಿ ಹಳೆಯ ದಿಗ್ಗಜರಿಗೆ ಮುಂದಿನ ಸಾಲಿನಲ್ಲಿ ಬೆತ್ತದ ಕುರ್ಚಿ, ಉಳಿದವರಿಗೆ ಕಬ್ಬಿಣದ ಮಡಚು ಕುರ್ಚಿ, ತಡವಾಗಿ ಬಂದವರಿಗೆ ಕಾಂಪೌಂಡು ಗೋಡೆ. ಬೆತ್ತದ ಕುರ್ಚಿಯಲ್ಲಿ ಕೂತವರಿಗೆ ಹಾರ, ಕಾಫಿ, ಮತ್ತು ಯಾವ ಆಟಗಾರ್ತಿಗೆ ಬೇಕಾದರೂ ಏನು ಬೇಕಾದರೂ ಕೂಗಿ ಹೇಳುವ ಹಕ್ಕು. ಹೇಳಿದ್ದು ಫಲಿಸಿದರೆ ಅವರ ಹೆಸರು. ಕೆಟ್ಟರೆ ಹುಡುಗಿಯ ತಪ್ಪು. ಈ ಲೆಕ್ಕ ನನಗೆ ಮೊದಲ ದಿನದಿಂದಲೇ ಹಿಡಿಸಿರಲಿಲ್ಲ.

ಆ ಸಾಲಿನ ಮೊದಲ ಕುರ್ಚಿ ರಂಗಸ್ವಾಮಿಯವರದು. ಒಂದು ಕಾಲದಲ್ಲಿ ರಾಜ್ಯ ತಂಡದ ನಾಯಕರಾಗಿದ್ದ ಗಾರ್ಡ್. ಗಾರ್ಡ್ ಎಂದರೆ ಚೆಂಡನ್ನು ಪುಟಿಸುತ್ತ ತಂದು ಆಟ ಕಟ್ಟುವವನು. ಅವನ ಜಾಗ ರಿಂಗಿನಿಂದ ದೂರ. ಆಗಷ್ಟೇ ನಮ್ಮ ಆಟಕ್ಕೆ ಮೂರು ಪಾಯಿಂಟಿನ ಗೆರೆ ಬಂದಿತ್ತು. ಆ ಗೆರೆಯಾಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ. ಕೋರ್ಟಿನ ಮೇಲೆ ಬಳಿದ ಬಿಳಿ ಬಣ್ಣ ಒಣಗುವುದಕ್ಕೆ ಮೊದಲೇ ರಂಗಸ್ವಾಮಿಯವರು ತೀರ್ಪು ಕೊಟ್ಟುಬಿಟ್ಟಿದ್ದರು: "ಇನ್ಮೇಲೆ ಪಿವಟ್ ಅನ್ನೋದೆಲ್ಲ ಮುಗೀತು. ಎಲ್ರೂ ಆಚೆ ಬಂದು ಹೊಡೀರಿ!"

ಪಿವಟ್ ಎಂದರೆ ರಿಂಗಿಗೆ ಬೆನ್ನು ಕೊಟ್ಟು, ಎದುರಾಳಿಯ ಮೈ ಒತ್ತಿ ನಿಂತು, ಚೆಂಡು ಕೈಗೆ ಬಂದೊಡನೆ ತಿರುಗಿ ಬುಟ್ಟಿಗೆ ಹಾಕುವವಳು. ನಮ್ಮ ಪಿವಟ್ ಮಂಜುಳಾ. ಹೆಗ್ಗನಹಳ್ಳಿಯ ಹುಡುಗಿ, ತಂದೆ ಪೀಣ್ಯದಲ್ಲಿ ಲೇತ್ ಆಪರೇಟರ್. ತಂಡದಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರವಿದ್ದ ಅವಳು, ಹಿರಿಯರ ಮಾತೆಂದು ಗೆರೆಯಾಚೆಗೆ ಬಂದು ಚೆಂಡು ಎಸೆಯತೊಡಗಿದಳು. ಚೆಂಡು ರಿಂಗನ್ನು ಮುಟ್ಟುತ್ತಲೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಅವಳ ಭುಜ ಬಾಗಿತು. ಎತ್ತರವೇ ತಪ್ಪೆಂಬಂತೆ ಕುಗ್ಗಿ ನಡೆಯುತ್ತಿದ್ದಳು.

ಟೂರ್ನಮೆಂಟು ಹತ್ತಿರವಾದಾಗ ಕಾರ್ಯದರ್ಶಿ ನಂಜುಂಡಯ್ಯನವರು ಸಮಿತಿಯ ಸಭೆ ಕರೆದು, ಮಂಜುಳಾಳನ್ನು ತಂಡದಿಂದ ಬಿಡುವ ಪ್ರಸ್ತಾಪವಿಟ್ಟರು. ಇದು ಬರಿಯ ಆಟದ ಮಾತಾಗಿರಲಿಲ್ಲ. ಸರ್ಕಾರಿ ಕಾರ್ಖಾನೆಯೊಂದು ಹೊಸದಾಗಿ ಮಹಿಳಾ ತಂಡ ಕಟ್ಟುತ್ತಿತ್ತು. ಅದರ ಆಯ್ಕೆದಾರರು ನಮ್ಮ ಟೂರ್ನಮೆಂಟಿಗೆ ಬಂದು, ಮೆಚ್ಚಿದವರಿಗೆ ಕ್ರೀಡಾ ಕೋಟಾದಲ್ಲಿ ಖಾಯಂ ಕೆಲಸ ಕೊಡುವವರಿದ್ದರು. ಆಡದವಳನ್ನು ಯಾರು ನೋಡುತ್ತಾರೆ? "ಈ ವರ್ಷ ಏನೂ ಆಗ್ಲಿಲ್ಲ ಅಂದ್ರೆ ಗಾರ್ಮೆಂಟ್ಸಿಗೆ ಹೋಗು ಅಂದಿದಾರೆ ನಮ್ಮಪ್ಪ" ಎಂದು ಮಂಜುಳಾ ಅದೇ ವಾರ ನನ್ನೊಡನೆ ಹೇಳಿದ್ದಳು.

ನಾನು ಸಭೆಯಲ್ಲಿ ಎದ್ದು ನಿಂತು ಕೇಳಿದೆ: "ಅವಳಿಗೆ ಆಚೆ ಬಂದು ಹೊಡೆಯೋಕೆ ಹೇಳಿದ್ದು ಯಾರು? ಈಗ ಅವಳು ಕೆಟ್ಟಿದ್ದಕ್ಕೆ ಉತ್ತರ ಕೊಡೋದು ಯಾರು?"

ನಂಜುಂಡಯ್ಯನವರ ಕೈಯ ಕಾಫಿ ಲೋಟ ಅಲ್ಲೇ ನಿಂತಿತು. "ಏನಮ್ಮಾ, ಹಿರಿಯರನ್ನ ಪ್ರಶ್ನೆ ಮಾಡ್ತೀರಾ?"

"ಮಾಡ್ತೀನಿ ಸಾರ್. ಕಲಿಸೋರು ಆ ಜಾಗದಲ್ಲಿ ಆಡಿರಬೇಕು. ಕಲಿಸಿದ ಮೇಲೆ ಅದಕ್ಕೆ ಜವಾಬ್ದಾರಿ ಹೊರಬೇಕು. ಇಲ್ಲ ಅಂದ್ರೆ ಸುಮ್ನೆ ಕಾಫಿ ಕುಡೀಬೇಕು."

ರಂಗಸ್ವಾಮಿಯವರು ಸಿಟ್ಟಾಗುತ್ತಾರೆಂದು ಎಲ್ಲರೂ ಕಾದರು. ಅವರು ಮೀಸೆಯಂಚಿನಲ್ಲಿ ನಕ್ಕರು. "ಪಿವಟ್ ಆಡಿದ ಹೆಂಗಸು ಅಂದ್ರೆ ನಮ್ಮ ಕಡೆ ವನಜಾಕ್ಷಿ ಒಬ್ಳೇ. ಕರ್ಕೊಂಡು ಬನ್ನಿ ನೋಡೋಣ. ಅವಳು ಈ ಗೇಟ್ ತುಳಿದು ಎಷ್ಟೋ ವರ್ಷ ಆಯ್ತು. ಬಂದ್ರೆ ಹುಡುಗಿ ಆಡ್ಲಿ." ಸವಾಲು ಸಭೆಯ ನಡಾವಳಿಯಲ್ಲಿ ದಾಖಲಾಯಿತು.

ವನಜಾಕ್ಷಿಯವರು ಬಿನ್ನಿಪೇಟೆಯಲ್ಲಿ ಹುಟ್ಟಿ ಬೆಳೆದವರು. ಅರವತ್ತರ ದಶಕದಲ್ಲಿ ರಾಜ್ಯ ತಂಡದ ಪಿವಟ್. ಆಗ ಟೆಲಿಫೋನ್ ಆಪರೇಟರ್, ವಿಜಯನಗರದಲ್ಲಿ ವಾಸ. ಬಾಗಿಲು ತೆರೆದಾಗ ಅವರ ತಲೆ ಬಾಗಿಲವಾಡದ ತೋರಣಕ್ಕೆ ತಾಗುತ್ತಿತ್ತು. ವಿಷಯ ಕೇಳಿ ಅವರು ನಕ್ಕ ನಗು ಎದುರು ಮನೆಗೂ ಕೇಳಿಸಿರಬೇಕು.

"ನಾನು ಆಡೋವಾಗ ಬೋರ್ಡ್ ಕೆಳಗೆ ಬೇರೆ ಯಾರಿಗೂ ಜಾಗ ಇರ್ಲಿಲ್ಲ ಕಣಮ್ಮ. ಸೈಟ್ ರಿಜಿಸ್ಟರ್ ಮಾಡಿಸ್ಕೊಂಡೋಳ ಥರ ನಿಲ್ತಿದ್ದೆ. ಆಮೇಲೊಂದ್ಸಲ ನಿಮ್ಮ ಕ್ಲಬ್ಬೋರು ಬಹುಮಾನದ ದಿನ ಕರೆದ್ರು. ಸೀರೆ ಉಟ್ಕೊಂಡು ಹೋದೆ. ಯಾಕೆ ಕರೆದಿದ್ರು ಗೊತ್ತಾ? ರಂಗಸ್ವಾಮಿ ಹಾಕ್ಕೊಳ್ಳೋ ಹಾರ ಇಟ್ಟಿರೋ ತಟ್ಟೆ ಹಿಡ್ಕೊಳ್ಳೋಕೆ!"

ಅದೇ ರಾಜ್ಯಕ್ಕೆ ಆಡಿದವಳು ಅದೇ ರಾಜ್ಯಕ್ಕೆ ಆಡಿದವನ ಹಾರ ಹೊತ್ತು ನಿಲ್ಲಬೇಕಿತ್ತಂತೆ. ನಾನು, "ಈಗ ತಟ್ಟೆ ಇಲ್ಲ. ಒಬ್ಬ ಹುಡುಗಿ ಇದಾಳೆ" ಎಂದೆ. ಅವರು ಷರತ್ತು ಹಾಕಿದರು. "ನಂಗೆ ಕುರ್ಚಿ ಹಾಕ್ಬಾರ್ದು. ನಾನು ಹೇಳ್ಕೊಡೋವಾಗ ಇನ್ಯಾರೂ ಬಾಯಿ ಹಾಕ್ಬಾರ್ದು. ಅವಳು ಕೆಟ್ರೆ, ನಾನು ಕೆಡಿಸ್ದೆ ಅಂತ ಮೈಕಲ್ಲಿ ನಾನೇ ಹೇಳ್ತೀನಿ." ನನ್ನ ಇಡೀ ವಾದವನ್ನು ಅವರು ಒಂದು ಷರತ್ತಿನಲ್ಲಿ ಹೇಳಿ ಮುಗಿಸಿದ್ದರು.

ಮರುದಿನ ಸಂಜೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೋರ್ಟಿಗೆ ಇಳಿದರು. ಮಂಜುಳಾಳ ಹಿಂದೆ ಎದುರಾಳಿಯಾಗಿ ನಿಂತು ಸೊಂಟದಿಂದ ಒಮ್ಮೆ ತಳ್ಳಿದರು. ಹುಡುಗಿ ಮುಗ್ಗರಿಸಿದಳು.

"ಏನೇ ಇದು, ವಿದ್ಯುತ್ ಕಂಬದ ಹಾಗೆ ನಿಂತಿದ್ದೀಯ? ಕೂರೇ!"

ಮಂಜುಳಾ ಮುಖ ಸಣ್ಣದು ಮಾಡಿಕೊಂಡು ಬೆಂಚಿನತ್ತ ಹೊರಟಳು.

"ಅಯ್ಯೋ, ಅಲ್ಲಲ್ಲ ಕಣೇ, ಇಲ್ಲೇ ಕೂರು! ನಿನ್ನ ಹಿಂದೆ ಇರೋಳ ತೊಡೆ ಮೇಲೆ ಕೂರು. ಅವಳೇ ನಿನ್ನ ಕುರ್ಚಿ."

'ಕೂರು' ಎಂಬ ಆ ಒಂದು ಪದದಲ್ಲಿ ಇಡೀ ವಿದ್ಯೆಯಿತ್ತು. ಮಂಡಿ ಬಾಗಿಸಿ, ಕಾಲಗಲಿಸಿ, ಸೊಂಟವನ್ನು ಎದುರಾಳಿಯ ಸೊಂಟಕ್ಕಿಂತ ಕೆಳಗಿಳಿಸಿದರೆ ಅವಳು ಮುಂದೆ ಬರಲಾರಳು, ಚೆಂಡು ನಿನ್ನದೇ. ನನ್ನ ಡಿಪ್ಲೊಮಾದಲ್ಲಿ ಇದನ್ನು ಚಿತ್ರ ಬರೆದು ಕಲಿಸಿದ್ದರು, ನಾನೂ ಚಿತ್ರ ಬರೆದೇ ಹೇಳಿಕೊಟ್ಟಿದ್ದೆ. ಮೈ ಒತ್ತಿ ಹೇಳಿಕೊಡಲು ಅದೇ ಜಾಗದಲ್ಲಿ ಏಟು ತಿಂದ ಮೈಯೇ ಬೇಕಿತ್ತು. ವನಜಾಕ್ಷಿಯವರು ತಳ್ಳಿದರು, ಬೈದರು, ನಗಿಸಿದರು. "ಎತ್ತರ ಇರೋದು ದೇವ್ರು ಕೊಟ್ಟಿದ್ದು. ತಗ್ಗೋದು ನೀನು ಕಲಿಬೇಕಾದ್ದು. ಬೀದೀಲಿ ಮಾತ್ರ ತಗ್ಬೇಡ, ತಲೆ ಎತ್ಕೊಂಡು ಹೋಗು!" ದಿನ ಕಳೆದಂತೆ ಮಂಜುಳಾಳ ಭುಜ ನೆಟ್ಟಗಾಯಿತು. ಗೇಟಿನಾಚೆ ಸ್ಕೂಟರ್ ನಿಲ್ಲಿಸಿಕೊಂಡು ಒಬ್ಬರು ಇದನ್ನೆಲ್ಲ ನೋಡುತ್ತಿದ್ದುದನ್ನು ನಾನು ಗಮನಿಸಿದೆ. ರಂಗಸ್ವಾಮಿಯವರು! ವನಜಾಕ್ಷಿಯವರ ಷರತ್ತನ್ನು ನಾನು ಮೊದಲೇ ತಿಳಿಸಿದ್ದೆ; ಅವರು ಬಾಯಿ ಮಾತ್ರ ಹಾಕಲಿಲ್ಲ.

ಟೂರ್ನಮೆಂಟಿನ ಫೈನಲ್‌ಗೆ ನಾವು ಬಂದೆವು. ಕಾರ್ಖಾನೆಯ ಆಯ್ಕೆದಾರರು ಬೆತ್ತದ ಕುರ್ಚಿಗಳಲ್ಲಿದ್ದರು. ವನಜಾಕ್ಷಿಯವರು ರಿಂಗಿನ ಹಿಂದೆ ಗೋಡೆಗೊರಗಿ ನಿಂತಿದ್ದರು. ಎದುರಾಳಿ ಪಿವಟ್ ಬಲಿಷ್ಠೆ. ಜನದ ಗದ್ದಲಕ್ಕೆ ಬೆದರಿದ ಮಂಜುಳಾ ಮತ್ತೆ ಕಂಬದಂತೆ ನಿಂತು ಪೆಟ್ಟು ತಿನ್ನುತ್ತಿದ್ದಳು. ಆಟ ಮುಗಿಯುತ್ತ ಬಂದಿತ್ತು, ಒಂದು ಅಂಕ ಹಿಂದಿದ್ದೆವು. ಆಗ ಗೋಡೆಯ ಕಡೆಯಿಂದ ಆ ಟೆಲಿಫೋನ್ ಕಂಠ ಗುಡುಗಿತು: "ಏ ಮಂಜುಳಾ! ಕೂರೇ! ಕೂತ್ಕೊಳೇ!"

ನಂಜುಂಡಯ್ಯನವರು ಬೆಂಚಿನ ಬಳಿಗೆ ಓಡಿಬಂದರು. ಬದಲಿ ಆಟಗಾರ್ತಿಯ ಬೆನ್ನು ತಟ್ಟಿ, "ಏಳಮ್ಮ ಏಳು, ಅವಳನ್ನ ಕೂರಿಸ್ತಾ ಇದಾರೆ, ನೀನು ಹೋಗು!" ಎಂದರು. ಆ ಹುಡುಗಿ ಸ್ಕೋರರ್ ಮೇಜಿನತ್ತ ಹೊರಟೇಬಿಟ್ಟಳು. ನಾನು ಅವಳ ಹಿಂದೆ ಓಡುವಷ್ಟರಲ್ಲಿ, ಮುಂದಿನ ಸಾಲಿನ ಮೊದಲ ಕುರ್ಚಿಯಿಂದ ಒಬ್ಬರು ಜಿಗಿದೆದ್ದು ಅವಳ ದಾರಿಗೆ ಅಡ್ಡ ನಿಂತರು.

"ರೀ ನಂಜುಂಡಯ್ಯ! ಬೆಂಚ್ ಮೇಲೆ ಕೂರೋದಲ್ಲ ರೀ, ಆಟದೊಳಗೆ ಕೂರೋದು! ಪಿವಟ್ ವಿಷ್ಯ ನಿಮಗೇನ್ರೀ ಗೊತ್ತು?" ರಂಗಸ್ವಾಮಿಯವರು ಕೂಗಿದರು. ಒಂದು ಕ್ಷಣ ತಡೆದು ಸೇರಿಸಿದರು: "ನಂಗೂ ಗೊತ್ತಿರ್ಲಿಲ್ಲ ಬಿಡಿ."

ಬದಲಿ ಹುಡುಗಿ ಬೆಂಚಿಗೆ ಮರಳಿದಳು. ಕೋರ್ಟಿನಲ್ಲಿ ಮಂಜುಳಾ ಕೂತಳು. ಗಾಳಿಯಲ್ಲಿ, ಕುರ್ಚಿಯಿಲ್ಲದೆ, ಯಾರೂ ಎಬ್ಬಿಸಲಾಗದ ಹಾಗೆ. ಹಿಂದಿನವಳು ತಳ್ಳಿದಳು, ಮಂಜುಳಾ ಕದಲಲಿಲ್ಲ. ಗಾರ್ಡ್ ಎಸೆದ ಚೆಂಡು ಅವಳ ಕೈಗೆ ಬಂತು, ಅವಳು ತಿರುಗಿದಳು, ಚೆಂಡು ಬೋರ್ಡಿಗೆ ಬಡಿದು ಬುಟ್ಟಿಯೊಳಗಿಳಿಯಿತು. ಕಾಂಪೌಂಡು ಗೋಡೆಯ ಮೇಲಿದ್ದವರೆಲ್ಲ ಕೆಳಗೆ ಧುಮುಕಿದರು. ಆ ಒಂದು ಅಂಕದ ಮುನ್ನಡೆಯನ್ನು ನಾವು ಕೊನೆಯ ಸೀಟಿಯವರೆಗೂ ಬಿಟ್ಟುಕೊಡಲಿಲ್ಲ.

ಆಯ್ಕೆದಾರರು ಮಂಜುಳಾಳ ವಿಳಾಸ ಬರೆದುಕೊಂಡು, "ಈ ಹುಡುಗಿಗೆ ಕಲಿಸಿದ್ದು ಯಾರು?" ಎಂದು ಕೇಳಿದರು. ನಂಜುಂಡಯ್ಯನವರು, "ಎಲ್ಲ ನಮ್ಮ ಹಿರಿಯರ ಮಾರ್ಗದರ್ಶನ..." ಎಂದು ಶುರುಮಾಡಿದರು.

"ನಾನು" ಎಂದರು ವನಜಾಕ್ಷಿ. "ಸೋತಿದ್ರೂ ನಾನೇ ಅಂತಿದ್ದೆ."

"ಅದಕ್ಕೆ ಮುಂಚೆ ಕೆಡಿಸಿದ್ದು ನಾನು. ಅದೂ ಬರ್ಕೊಳ್ಳಿ" ಎಂದರು ರಂಗಸ್ವಾಮಿ. ಅಂದು ಬಹುಮಾನದ ಹೊತ್ತಿಗೆ ಹಾರದ ತಟ್ಟೆ ಹಿಡಿದು ನಿಂತವರೂ ಅವರೇ. ಹಾರ ಬಿದ್ದದ್ದು ವನಜಾಕ್ಷಿಯವರ ಕೊರಳಿಗೆ. ಆ ವರ್ಷದ ಕಪ್ಪಿಗಿಂತ ಆ ನೋಟ ನನಗೆ ಹೆಚ್ಚಿನ ಹೆಮ್ಮೆ.

ಮಂಜುಳಾ ಆ ಕಾರ್ಖಾನೆಯ ಖಾಯಂ ನೌಕರಳಾದಳು, ಅದರ ತಂಡದ ಪಿವಟ್ ಆದಳು. ಈ ವೃತ್ತಿ ನನಗೆ ಕಲಿಸಿದ್ದನ್ನು ಇಂದಿಗೂ ಪ್ರತಿ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ: ದಿಗ್ಗಜರು ಖಂಡಿತ ಕಲಿಸಲಿ, ತಾವು ಏಟು ತಿಂದ ಜಾಗದ ಆಟವನ್ನು ಕಲಿಸಲಿ, ಕಲಿಸಿದ್ದಕ್ಕೆ ಹೆಸರು ಹೇಳಿ ಉತ್ತರ ಕೊಡಲಿ. ಹಳೆಯ ಕೀರ್ತಿ ಕೂಗುವ ಪರವಾನಗಿಯಲ್ಲ. ರಂಗಸ್ವಾಮಿಯವರು ಆಮೇಲೆ ಗಾರ್ಡ್‌ಗಳಿಗೆ ಮಾತ್ರ ಕಲಿಸಿದರು, ಆ ಹುಡುಗಿಯರು ಸೋತ ದಿನ ತಾವೇ ಸಮಿತಿಗೆ ಬಂದು ಬೈಸಿಕೊಳ್ಳುತ್ತಿದ್ದರು. ಟೂರ್ನಮೆಂಟು ಬಂದಾಗ ಬೆತ್ತದ ಕುರ್ಚಿಗಳನ್ನು ಈಗಲೂ ಸಾಲಾಗಿ ಹಾಕುತ್ತೇವೆ. ಆದರೆ ಹಿರಿಯರೆಲ್ಲ ತಾವು ಕಲಿಸಿದವರ ಹತ್ತಿರ, ಕೋರ್ಟಿನ ಅಂಚಿನ ಗೆರೆಯ ಪಕ್ಕ ನಿಂತಿರುವುದರಿಂದ, ಅವುಗಳ ಮೇಲೆ ಹುಡುಗಿಯರ ಬ್ಯಾಗುಗಳು ಕೂತಿರುತ್ತವೆ.