ಇಲ್ಲದ ಇಂಗಿನ ಧ್ಯಾನ

ಊಟದ ಹೊತ್ತಿನಲ್ಲಿ ತಂಬಿಗೆ ಇರುವುದು ನೀರು ಕುಡಿಯುವುದಕ್ಕೆ ಎಂದು ನೀವು ತಿಳಿದಿದ್ದರೆ, ನೀವಿನ್ನೂ ದಿನಪತ್ರಿಕೆಯ ಚಟ ಹತ್ತದ ಪುಣ್ಯವಂತರು. ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ತಂಬಿಗೆಗೆ ಆನಿಸಿಟ್ಟರೆ, ಬಲಗೈ ರೊಟ್ಟಿ ಮುರಿಯುತ್ತಿರುವಾಗಲೇ ಕಣ್ಣು ದಿಲ್ಲಿಯಿಂದ ಮಾಸ್ಕೋವರೆಗೆ ಸಂಚರಿಸಿ ಬರಬಹುದು. ಅರವತ್ತರ ದಶಕದಲ್ಲಿ ನಾಸಿಕದ ಹಳೆಯ ವಾಡೆಯೊಂದರ ಎರಡು ಕೋಣೆಗಳಲ್ಲಿ ಹೆಂಡತಿ-ಮಕ್ಕಳೊಂದಿಗೆ ಸಂಸಾರ ಹೂಡಿದ್ದ ಬೀದರ ಕಡೆಯ ಗುಮಾಸ್ತನಾದ ನಾನು, ಜಗತ್ತಿನ ಸಮಸ್ತ ಯುದ್ಧಗಳನ್ನೂ ಪುಂಡಿಪಲ್ಯದ ಜೊತೆಗೇ ನುಂಗಿದವನು. ತಟ್ಟೆ ಖಾಲಿಯಾದದ್ದು ಬೆರಳು ತಳ ಕೆರೆದಾಗಲೇ ನನಗೆ ತಿಳಿಯುತ್ತಿತ್ತು. ಹೆಂಡತಿ ನೀಲಮ್ಮ ಮತ್ತೊಂದು ರೊಟ್ಟಿ ಹಾಕುತ್ತಿದ್ದಳು, ಹಾಕಿದ್ದೂ ತಿಳಿಯುತ್ತಿರಲಿಲ್ಲ.

ಈ ನೆಮ್ಮದಿಗೆ ಕಲ್ಲು ಹಾಕಿದವನು ನನ್ನ ಷಡ್ಡಕ, ಅಂದರೆ ನೀಲಮ್ಮನ ತಂಗಿಯ ಗಂಡ ಶರಣಪ್ಪ. ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ನೌಕರಿ. ಹೆಂಡತಿ ಚೊಚ್ಚಲ ಹೆರಿಗೆಗೆ ಬೀದರಿನ ತವರಿಗೆ ಹೋದದ್ದರಿಂದ ಪ್ರತಿ ರವಿವಾರ ನಮ್ಮಲ್ಲಿ ಊಟಕ್ಕೆ ಬರತೊಡಗಿದ. ಬರಲಿ, ಉಣ್ಣಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಅವನು ಉಣ್ಣುತ್ತಿದ್ದ ಪರಿ ಇತ್ತಲ್ಲ, ಅದನ್ನು ಯಾವ ಗಂಡನೂ ಸಹಿಸಲಾರ! ರೊಟ್ಟಿಯನ್ನು ಮೊದಲು ಕಣ್ತುಂಬ ನೋಡುವನು. ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವನು. ಆಮೇಲೆ ಮೆಲ್ಲಗೆ, "ಅಕ್ಕಾರ, ಪಲ್ಯದಾಗ ಇವತ್ತ ಬಳ್ಳೊಳ್ಳಿ ಜರಾ ಜಾಸ್ತಿ ಬಿದ್ದದ ನೋಡ್ರಿ. ಭಾಳ ಛಲೋ ಆಗ್ಯದ," ಎನ್ನುವನು. ಅಷ್ಟಕ್ಕೇ ನೀಲಮ್ಮನ ಮುಖ ಅರಳುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಅರಳಿದ ಮುಖ ನನ್ನ ಪಾಲಿಗೆ ಬಂದಿರಲಿಲ್ಲ. ಉಂಡವನು ಅವನು, ಹೊಟ್ಟೆ ಉರಿದದ್ದು ನನಗೆ. ಜಠರಾಗ್ನಿಗೂ ಹೊಟ್ಟೆಕಿಚ್ಚಿಗೂ ಒಂದೇ ಒಲೆಯನ್ನು ಕೊಟ್ಟ ದೇವರ ಮಿತವ್ಯಯಕ್ಕೆ ಏನೆನ್ನಲಿ!

ಆ ದಿನಗಳಲ್ಲೇ ತ್ರ್ಯಂಬಕೇಶ್ವರದಿಂದ ಬಂದ ಸಾಧುಗಳೊಬ್ಬರು ಗೋದಾವರಿಯ ದಂಡೆಯಲ್ಲಿ ಹಿಂದಿಯಲ್ಲಿ ಪ್ರವಚನ ನಡೆಸಿದ್ದರು. ಉಣ್ಣುವಾಗ, ನಡೆಯುವಾಗ, ಬಟ್ಟೆ ಒಗೆಯುವಾಗ ಎಲ್ಲ ಹೊತ್ತೂ ‘ಧ್ಯಾನ ರಖೋ’ ಎಂಬುದು ಅವರ ಉಪದೇಶದ ಸಾರ. ಮಾಡುವ ಕೆಲಸದ ಮೇಲೆ ಗಮನವಿರಲಿ ಎಂದು ಅವರ ಇಂಗಿತ. ಅಪ್ಪಟ ಕನ್ನಡಿಗನಾದ ನನಗೆ ಧ್ಯಾನವೆಂದರೆ ಪದ್ಮಾಸನ, ನೆಟ್ಟನೆಯ ಬೆನ್ನು, ಮುಚ್ಚಿದ ಕಣ್ಣು. ಶರಣಪ್ಪನ ಗುಟ್ಟು ಸಿಕ್ಕಿತೆಂದು ಹಿಗ್ಗಿ, ಮರುದಿನವೇ ಪತ್ರಿಕೆಯನ್ನು ಗೂಟದ ಚೀಲಕ್ಕೆ ಗಡೀಪಾರು ಮಾಡಿ, ತಟ್ಟೆಯ ಮುಂದೆ ಸಾಕ್ಷಾತ್ ಯೋಗಿಯಂತೆ ಕುಳಿತು ತುತ್ತನ್ನು ಅಗಿಯತೊಡಗಿದೆ. ಅದೇ ಹೊತ್ತಿಗೆ ಹೆಪ್ಪಿಗೆ ಮೊಸರು ಕೇಳಲು ಬಂದ ನೆರೆಮನೆಯ ಮರಾಠಿ ಕಾಕೂ ಬಾಗಿಲಲ್ಲೇ ನಿಂತು, "ಅಗಂ ಬಾಯೀ, ಕಾಯ್ ಧ್ಯಾನ್ ಆಹೇ!" ಎಂದು ಉದ್ಗರಿಸಿದರು. ಎಂಥ ಧ್ಯಾನ! ನಾನು ಒಂದೇ ಕಣ್ಣು ತೆರೆದು, ಇದಿನ್ನೂ ಆರಂಭ ಎಂದು ವಿನಯದಿಂದ ತಿಳಿಸಿದೆ. ಇಬ್ಬರೂ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಪೆದ್ದುಪೆದ್ದಾಗಿ ಕಾಣುವ ಪ್ರಾಣಿಗೆ ಮರಾಠಿಯಲ್ಲಿ ‘ಧ್ಯಾನ’ ಎನ್ನುತ್ತಾರೆಂದು ಮರುದಿನ ಕಚೇರಿಯಲ್ಲಿ ತಿಳಿಯಿತು.

ಅವಮಾನದಿಂದ ಅಸೂಯೆ ಕುಗ್ಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೆ ತುಪ್ಪ ಸುರಿದಂತಾಗುತ್ತದೆ. ಮುಂದಿನ ರವಿವಾರ ಶರಣಪ್ಪ ಬಾಯಿ ತೆರೆಯುವ ಮೊದಲೇ ನಾನು ಬೇಳೆಸಾರನ್ನು ಸೊರ್ರೆಂದು ಹೀರಿ, ಕಣ್ಣು ಮುಚ್ಚಿ, "ಆಹಾ! ಇಂಗಿನ ಒಗ್ಗರಣಿ ಎಷ್ಟು ಹದಾ ಆಗ್ಯದ!" ಎಂದು ಘೋಷಿಸಿಬಿಟ್ಟೆ.

"ಮನ್ಯಾಗ ಇಂಗ ತೀರಿ ವಾರ ಆಯ್ತು," ಎಂದಳು ನೀಲಮ್ಮ. "ತರ್ರಿ ಅಂತ ನಿಮಗೇ ಹೇಳಿದ್ದೆ. ಪೇಪರ ಓದ್ಲತ್ತಿದ್ರಿ, ಹೂಂ ಅಂದ್ರಿ."

ಇಂಗು ತಿಂದ ಮಂಗನ ಬಗ್ಗೆ ಎಲ್ಲರೂ ಕೇಳಿದ್ದಾರೆ. ಇಲ್ಲದ ಇಂಗನ್ನು ತಿಂದ ಮಂಗ ಬಹುಶಃ ನಾನೊಬ್ಬನೇ.

ಆ ಸಂಜೆ ಶರಣಪ್ಪನನ್ನು ಬಸ್ಸಿಗೆ ಬಿಡಲು ಹೋದಾಗ, ಮಾನ ಬದಿಗಿಟ್ಟು ಕೇಳಿಯೇಬಿಟ್ಟೆ: ಇಷ್ಟು ಮನಸ್ಸಿಟ್ಟು ಉಣ್ಣುವುದನ್ನು ಎಲ್ಲಿ ಕಲಿತಿರಿ? ಅವನು ನಾಚಿ, ಚಪ್ಪಲಿ ನೋಡುತ್ತ ಹೇಳಿದ: "ಮನಸ್ಸ ಇಲ್ಲೆಲ್ಲಿ ಇರ್ತದ್ರಿ ಅಣ್ಣಾರ? ಅದು ಬೀದರದಾಗ ಅದ. ಅಕ್ಕ-ತಂಗಿ ಇಬ್ಬರದೂ ಒಂದೇ ಕೈರುಚಿ. ಕಣ್ಣ ಮುಚ್ಚಿದ್ರ ನಮ್ಮಾಕಿನೇ ಬಡಿಸಿದಂಗ ಆಗ್ತದ."

ಭಲೆ! ಯಾವನನ್ನು ನಾನು ಊಟದ ಯೋಗಿ ಎಂದು ಭ್ರಮಿಸಿ ಉರಿದುಹೋಗಿದ್ದೆನೋ, ಅವನೂ ನನ್ನಂತೆಯೇ ತಟ್ಟೆಯಿಂದ ದೂರದಲ್ಲಿ ಅಲೆಯುತ್ತಿದ್ದ. ಅವನಿಗೆ ಹೆಂಡತಿಯದೇ ಧ್ಯಾನ. ಕನ್ನಡದಲ್ಲಿ ಈ ಶಬ್ದಕ್ಕೆ ಈ ಅರ್ಥವೂ ಇದೆಯೆಂಬುದನ್ನು ನಾನೇ ಮರೆತಿದ್ದೆ. ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು, ನಿನ್ನ ಭಕ್ತ ಉಣ್ಣುವುದು ನಿನ್ನ ಅಡುಗೆಯನ್ನಲ್ಲ, ನಿನ್ನ ತಂಗಿಯದನ್ನು ಎಂದು ನೀಲಮ್ಮನಿಗೆ ವರದಿ ಒಪ್ಪಿಸಿದೆ.

ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

"ಗೊತ್ತದ. ಮೊದಲನೇ ವಾರಾನೇ ಹೇಳ್ಯಾರ," ಎಂದಳು. "ನಮ್ಮ ತಂಗಿ ಪುಣ್ಯಾ ಮಾಡ್ಯಾಳ. ನಾ ಹಡೀಲಾಕ ಹೋದಾಗ ನೀವು ಉಡುಪಿ ಹೋಟೆಲಿನಾಗ ಉಂಡು ದಪ್ಪ ಆಗಿದ್ರಿ."

ಮತ್ತೆ ನಾದತೊಡಗಿದಳು. ಹಾಗಾದರೆ ಇಷ್ಟೂ ರವಿವಾರ ಆ ಪುಟ್ಟ ಅಡುಗೆಮನೆಯಲ್ಲಿ ಉರಿಯುತ್ತಿದ್ದುದು ಎರಡು ಹೊಟ್ಟೆ. ನಾನು ಉಣ್ಣುವವನ ಮೇಲೆ ಕರುಬುತ್ತಿದ್ದೆ. ಅವಳು ತಂಗಿಯ ಮೇಲೆ. ಅವಳ ಮುಖ ಅರಳಿದ್ದನ್ನು ಲೆಕ್ಕವಿಟ್ಟ ನನಗೆ, ಮರುಕ್ಷಣ ಅದು ಬಾಡುತ್ತಿದ್ದುದು ಕಂಡೇ ಇರಲಿಲ್ಲ.

ಮರುದಿನ ಸಂಜೆ ಇಂಗಿನ ಡಬ್ಬಿಯೊಂದಿಗೆ ಮನೆಗೆ ಬಂದೆ. ಊಟಕ್ಕೆ ಕುಳಿತಾಗ ಪದ್ಮಾಸನ ಹಾಕಲಿಲ್ಲ, ಕಣ್ಣು ಮುಚ್ಚಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದವಳನ್ನು ಸುಮ್ಮನೆ ನೋಡಿದೆ. ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆಯೊಂದಿತ್ತು. ಯಾವಾಗ ಸುಟ್ಟಿತೋ, ಆಗ ಪತ್ರಿಕೆಯಲ್ಲಿ ಯಾವ ಯುದ್ಧ ನಡೆದಿತ್ತೋ! "ಏನ್ ನೋಡ್ಲತ್ತೀರಿ? ರೊಟ್ಟಿ ಆರ್ತದ, ಉಣ್ರಿ," ಎಂದು ಗದರಿದಳು. ನಾನು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನೋಡುತ್ತಲೇ ಇದ್ದೆ.

ಮೊಸರಿನ ಬಟ್ಟಲು ಹಿಂದಿರುಗಿಸಲು ಬಂದ ಕಾಕೂ ಬಾಗಿಲಲ್ಲಿ ಥಟ್ಟನೆ ನಿಂತು, "ಕಾಯ್ ಧ್ಯಾನ್ ಆಹೇ!" ಎಂದರು. ಈ ಸಲ ಅರ್ಥ ಗೊತ್ತಿತ್ತು, ತಲೆ ತಗ್ಗಿಸಿದೆ.

ನೀಲಮ್ಮ ನಗಲಿಲ್ಲ. ತಂಬಿಗೆಯಿಂದ ನನ್ನ ಲೋಟಕ್ಕೆ ನೀರು ಬಗ್ಗಿಸುತ್ತ, ತನಗೆ ಬರುತ್ತಿದ್ದಷ್ಟೇ ಮರಾಠಿಯಲ್ಲಿ ಕಾಕೂಗೆ ಉತ್ತರ ಕೊಟ್ಟಳು: "ಆಹೇ ಖರಂ. ಪಣ್ ಮಾಝಂ ಆಹೇ."

ನಿಜ, ಪೆದ್ದೇ. ಆದರೆ ನನ್ನದು.